ಎಲ್ಲ ಹಕ್ಕುಗಳನ್ನು ಕಾದಿರಿಸಿದೆ, ಪುಸ್ತಕ ಮಾತ್ರ ಸಿಗ್ತಿಲ್ಲ

ಹೋದ ತಿಂಗಳು ಒಂದು ಭಾನುವಾರ ಬೆಳಗ್ಗೆ ಲೈಬ್ರರಿ ಮಹಡೀಲಿ ಮಾತಾಡಿದ್ದು ಇದು. ಫೋನಲ್ಲಿ ರೆಕಾರ್ಡ್ ಆಗಿದ್ದನ್ನ ಕೇಳ್ಕೊಂಡು ಟೈಪ್ ಮಾಡಿದೀನಿ, ಫ್ಯಾನ್ ಸದ್ದಲ್ಲಿ ಕೆಲವು ಕಡೆ ನನ್ ಮಾತು ನಂಗೇ ಕೇಳ್ಸಿಲ್ಲ, ಅಲ್ಲೆಲ್ಲ ನೆನಪಿಂದ ತುಂಬಿಸಿದೀನಿ. ನಾನು ವಕೀಲ ಅಲ್ಲ. ಅಂಗಡೀಲಿ ಸಿಗದೇ ಇರೋ ಕನ್ನಡ ಪುಸ್ತಕಗಳನ್ನ ಸ್ಕ್ಯಾನ್ ಮಾಡೋ ಒಂದು ಸಣ್ಣ ಗುಂಪಲ್ಲಿ ಇದೀನಿ, ಆ ಕೆಲಸದಲ್ಲಿ ಕಾಪಿರೈಟ್ ಕಾಯ್ದೆ ಪದೇ ಪದೇ ಕಾಲಿಗೆ ತೊಡರ್ಕೊಳ್ತಿದ್ದಕ್ಕೆ ಅದನ್ನ ಕೂತು ಓದ್ಬೇಕಾಯ್ತು.

ಎಲ್ರಿಗೂ ನಮಸ್ಕಾರ. ಮೊದಲು ಈ ಪುಸ್ತಕ ನೋಡಿ, ಹಿಂದೆ ಕೂತಿರೋರಿಗೆ ಕಾಣ್ತಿಲ್ಲ ಅಂದ್ರೆ ಆಮೇಲೆ ಹತ್ರ ಬಂದು ನೋಡಿ, ಆದ್ರೆ ದಯವಿಟ್ಟು ಪುಟ ತಿರುಗಿಸ್ಬೇಡಿ, ಮೂಲೆ ಹಪ್ಪಳ ಮುರಿದಂಗೆ ಮುರೀತದೆ. ಒಂದು ಕಾದಂಬರಿ ಇದು. ಹಾಳೆ ಕಾಫಿಪುಡಿ ಬಣ್ಣಕ್ಕೆ ತಿರುಗಿದೆ, ನಡುವೆ ಹುಳ ಕೊರೆದ ತೂತು ಮೊದಲ ಪುಟದಿಂದ ನಲವತ್ತನೇ ಪುಟದ ತನಕ ಒಂದೇ ಗೆರೇಲಿ ಹೋಗಿದೆ. ಒಳಗಡೆ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ ಸೀಲು, ಅದರ ಕೆಳಗೆ ನೀಲಿ ಪೆನ್ನಲ್ಲಿ ಯಾರೋ "ಚೆನ್ನಾಗಿದೆ, ಕೊನೆ ಚೆನ್ನಾಗಿಲ್ಲ" ಅಂತ ಬರ್ದಿದಾರೆ. ಇನ್ನೊಂದು ಪುಟ ತೆಗೆದ್ರೆ ಮೊದಲ ಮುದ್ರಣ 1964, ಪ್ರತಿಗಳು 1000, ಬೆಲೆ ಎರಡೂವರೆ ರೂಪಾಯಿ, ಎಲ್ಲ ಹಕ್ಕುಗಳನ್ನು ಕಾದಿರಿಸಿದೆ.

ಕಾದಿರಿಸಿದೆ ಸರಿ. ಯಾರಿಗೆ?

ಪ್ರಕಾಶಕರ ವಿಳಾಸ ಇದೆ, ಬೆಂಗಳೂರು 2 ಅಂತ. ನಾವಿಬ್ರು ಹೋಗಿ ನೋಡಿದ್ವಿ, ಈಗ ಅಲ್ಲಿ ಮೊಬೈಲ್ ಕವರ್ ಮಾರೋ ಅಂಗಡಿ, ಆ ಹುಡುಗನಿಗೆ ತನ್ನ ಓನರ್ ಹೆಸರೇ ಸರಿಯಾಗಿ ಗೊತ್ತಿಲ್ಲ. ಲೇಖಕಿ ಹೆಸರಿನ ಮುಂದೆ ಒಂದು ಇನಿಷಿಯಲ್ಲು, ಅಷ್ಟೇ. ಮುನ್ನುಡಿಯ ಕೊನೇಲಿ ಒಂದು ಊರಿನ ಹೆಸರಿತ್ತು, ಆ ಊರಿನ ಅಂಚೆಗೆ ಕಾಗದ ಹಾಕಿದ್ವಿ, ವಿಳಾಸದಾರರು ಇಲ್ಲ ಅಂತ ವಾಪಸ್ ಬಂತು. ಅವರು ಬದುಕಿದಾರಾ, ತೀರ್ಕೊಂಡ್ರಾ, ಯಾವಾಗ ತೀರ್ಕೊಂಡ್ರು, ಒಂದೂ ಗೊತ್ತಿಲ್ಲ. ನಮ್ಮ ಕಾಯ್ದೆ ಲೆಕ್ಕ ಶುರು ಮಾಡೋದೇ ಅಲ್ಲಿಂದ ನೋಡಿ, ಲೇಖಕರು ತೀರ್ಕೊಂಡ ಮುಂದಿನ ಜನವರಿ 1ರಿಂದ 60 ವರ್ಷ. ತೀರ್ಕೊಂಡ ದಿನ ಗೊತ್ತಿಲ್ಲ ಅಂದ್ರೆ ಎಣಿಸೋದು ಎಲ್ಲಿಂದ?

ಇಂಟರ್ನೆಟ್ಟು ಕಾಪಿರೈಟು ಅಂದ ತಕ್ಷಣ ಎಲ್ಲರೂ ಪೈರಸಿ ಬಗ್ಗೆ ಮಾತಾಡ್ತಾರೆ. ನಾನೂ ಆ ಕಡೆ ಬರ್ತೀನಿ. ಆದ್ರೆ ನಂಗೆ ಇವತ್ತು ಹೇಳ್ಬೇಕಾಗಿರೋದು ಇಷ್ಟೇ, ಈಗಿರೋ ಕಾಯ್ದೆ ಕದಿಯೋನನ್ನ ಅಷ್ಟಾಗಿ ತಡೀತಿಲ್ಲ, ಉಳಿಸೋಕೆ ಹೊರಟೋನನ್ನ ಮಾತ್ರ ಬಾಗಿಲಲ್ಲೇ ನಿಲ್ಲಿಸ್ತಿದೆ. ಕದಿಯೋನು ಕಾಯ್ದೆ ಓದಲ್ಲ. ಓದೋರು ನಮ್ಮಂಥೋರು, ಓದಿ ಹೆದರ್ಕೋತೀವಿ.

ನಮ್ಮ ಕಾಯ್ದೆ 1957ರದ್ದು, ಜಾರಿಗೆ ಬಂದಿದ್ದು 1958ರ ಜನವರೀಲಿ. ಅವತ್ತು ಕಾಪಿ ಮಾಡೋದು ಅಂದ್ರೆ ಅಚ್ಚುಮೊಳೆ ಜೋಡಿಸ್ಬೇಕು, ಕಾಗದ ತರಿಸ್ಬೇಕು, ಪ್ರೆಸ್ಸಿನೋರಿಗೆ ಅಡ್ವಾನ್ಸ್ ಕೊಡ್ಬೇಕು, ಅಷ್ಟೆಲ್ಲ ದುಡ್ಡು ಹಾಕೋನು ವ್ಯಾಪಾರಿನೇ ಆಗಿರ್ತಿದ್ದ, ಹಾಗಾಗಿ ಕಾಪಿ ಮಾಡೋರನ್ನ ಹಿಡಿದ್ರೆ ವ್ಯಾಪಾರಿ ಸಿಗ್ತಿದ್ದ, ಓದುಗನ ತಂಟೆಗೆ ಕಾಯ್ದೆ ಹೋಗ್ತಿರ್ಲಿಲ್ಲ. ಪುಸ್ತಕ ಓದಿ, ಪಕ್ಕದ ಮನೆಯೋರಿಗೆ ಕೊಡಿ, ರದ್ದಿಗೆ ಹಾಕಿ, ಕೇಳೋರಿಲ್ಲ. ಈಗ ಫೋನಲ್ಲಿ ಒಂದು ಪುಟ ಓಪನ್ ಆಗ್ಬೇಕಂದ್ರೆ ಅಲ್ಲೆಲ್ಲೋ ಇರೋ ಸರ್ವರಿಂದ ನಿಮ್ಮ ಫೋನಿಗೆ ಅದು ಕಾಪಿ ಆಗ್ಲೇಬೇಕು, ಓದೋದೇ ಒಂದು ಕಾಪಿ. ಪಕ್ಕದ ಮನೆಯೋರಿಗೆ ಕೊಟ್ರೆ ಇನ್ನೊಂದು ಕಾಪಿ. 2012ರಲ್ಲಿ ತಿದ್ದುಪಡಿ ಮಾಡಿದಾಗ ಹಿಂಗೆ ಕ್ಷಣಕಾಲ ತಾನಾಗೇ ಆಗೋ ಕಾಪಿ ಉಲ್ಲಂಘನೆ ಅಲ್ಲ ಅಂತ 52ನೇ ಸೆಕ್ಷನ್ನಲ್ಲಿ ಸೇರಿಸಿದ್ರು, ಒಳ್ಳೇದಾಯ್ತು. ಆದ್ರೆ ಅದು ಹಳೇ ಲುಂಗಿಗೆ ಹಾಕಿದ ತೇಪೆ.

ನಿಮ್ಮ ಮನೆ ವಾಟ್ಸ್ಯಾಪ್ ಗ್ರೂಪಲ್ಲಿ ಬೆಳಗ್ಗೆ ಎದ್ದ ಕೂಡ್ಲೇ ಯಾರೋ ಒಬ್ಬ ಚಿಕ್ಕಪ್ಪ ಸೂರ್ಯೋದಯದ ಫೋಟೋ ಮೇಲೆ ಕಗ್ಗ ಹಾಕ್ತಾರಲ್ಲ, ಡಿವಿಜಿ ತೀರ್ಕೊಂಡಿದ್ದು 1975ರಲ್ಲಿ, ಅಂದ್ರೆ 2035 ಮುಗಿಯೋ ತನಕ ಅದಕ್ಕೆ ಕಾಪಿರೈಟ್ ಇದೆ. (ಇಲ್ಲಿ ಜನ ನಕ್ರು, ಒಬ್ರು ಫೋನ್ ಒಳಗಿಟ್ಕೊಂಡ್ರು.) ಹೆದರ್ಬೇಡಿ, 945 ಪದ್ಯದಲ್ಲಿ ಒಂದು ಪದ್ಯ, ಅದೂ ಮನೆಯೋರ ನಡುವೆ, ಯಾರೂ ಕೇಸ್ ಹಾಕಲ್ಲ, ಹಾಕಿದ್ರೂ ವಾದ ಮಾಡೋಕೆ ಜಾಗ ಇದೆ. ಆದ್ರೆ ಇಡೀ ಪುಸ್ತಕನೇ ಆ್ಯಪ್ ಮಾಡಿ ಹಾಕೋದು ಬೇರೆ. ಈ ಎರಡರ ನಡುವೆ ಗೆರೆ ಎಲ್ಲಿದೆ ಅಂತ ಒಬ್ಬ ಸಾಮಾನ್ಯ ಮನುಷ್ಯ ಕಾಯ್ದೆ ಓದಿ ತಿಳ್ಕೊಳ್ಳೋಕಾಗಲ್ಲ, ನನ್ನ ತಕರಾರು ಅಲ್ಲಿ.

ಈ 60 ವರ್ಷ ಎಲ್ಲಿಂದ ಬಂತು ಅನ್ನೋದು ಒಳ್ಳೇ ಕಥೆ. ಮೊದಲು ನಮ್ಮಲ್ಲಿ ಇದ್ದಿದ್ದು 50. ಕಾಪಿರೈಟ್ ಬಗ್ಗೆ ದೇಶ ದೇಶಗಳು ಮಾಡ್ಕೊಂಡಿರೋ ಬರ್ನ್ ಒಪ್ಪಂದ ಅಂತ ಒಂದಿದೆ, 1886ರಲ್ಲಿ ಶುರುವಾಗಿದ್ದು, ಅದು ಈಗ ಕೇಳೋದೂ ಕಮ್ಮಿ ಅಂದ್ರೆ 50. ಟಾಗೋರ್ ತೀರ್ಕೊಂಡಿದ್ದು 1941, ಹಾಗಾಗಿ 1991ರ ಕೊನೆಗೆ ಅವರ ಬರಹ ಎಲ್ಲರ ಆಸ್ತಿ ಆಗ್ಬೇಕಿತ್ತು. ಹಕ್ಕು ಇದ್ದಿದ್ದು ಅವರೇ ಕಟ್ಟಿದ ವಿಶ್ವಭಾರತಿ ವಿಶ್ವವಿದ್ಯಾಲಯದ ಹತ್ರ. ಕೈತಪ್ಪಿ ಹೋಗತ್ತೆ, ಗುರುದೇವರ ಬರಹನ ಯಾರ್ಯಾರೋ ಹೆಂಗೆಂಗೋ ಅಚ್ಚು ಹಾಕ್ತಾರೆ ಅಂತ ಗಲಾಟೆ ಎದ್ದು, ಡಿಸೆಂಬರ್ ಕೊನೇ ವಾರದಲ್ಲಿ ಸುಗ್ರೀವಾಜ್ಞೆ ಹೊರಡಿಸಿ, 1992ರಲ್ಲಿ ಕಾಯ್ದೆ ತಿದ್ದಿ 60 ಮಾಡಿದ್ರು. ಒಬ್ಬ ಕವಿಗೆ ಅಂತ ಕೊಟ್ಟ ಹತ್ತು ವರ್ಷ. ಟಾಗೋರರದ್ದು 2001ಕ್ಕೆ ಮುಗೀತು, ಮುಗಿದ ಮೇಲೆ ಬಂಗಾಳಿ ಸಾಹಿತ್ಯ ಏನೂ ಮುಳುಗ್ಲಿಲ್ಲ. ಆದ್ರೆ ಆ ಹತ್ತು ವರ್ಷ ಮಾತ್ರ ಎಲ್ಲರ ತಲೆ ಮೇಲೂ ಹಾಗೇ ಉಳ್ಕೊಂಡ್ತು. ಮಂಜೇಶ್ವರದ ಗೋವಿಂದ ಪೈ, ನಮ್ಮ ತ್ರಿವೇಣಿ, ಇಬ್ರೂ ತೀರ್ಕೊಂಡಿದ್ದು 1963ರಲ್ಲಿ. 50 ಇದ್ದಿದ್ರೆ 2014ಕ್ಕೇ ಮುಕ್ತ ಆಗ್ತಿದ್ರು, ಆಗಿದ್ದು 2024ರ ಜನವರಿ 1ಕ್ಕೆ. ತ್ರಿವೇಣಿಯವರನ್ನ ಜನ ಯಾವತ್ತೂ ಬಿಡಲಿಲ್ಲ ಬಿಡಿ, ಅಂಗಡೀಲಿ ಸಿಗ್ತಾನೇ ಇತ್ತು. ಅದೇ ಕಾಲಕ್ಕೆ ಬರೀತಿದ್ದ, ಅಷ್ಟು ಹೆಸರು ಬರದ ಮಿಕ್ಕವರ ಕಥೆ ಹೇಳ್ತಿರೋದು ನಾನು. ಆ ಹತ್ತು ವರ್ಷದಲ್ಲಿ ಅವರ ಹಾಳೆ ಇನ್ನೂ ಹತ್ತು ವರ್ಷ ಪುಡಿ ಆಯ್ತು ಅಷ್ಟೇ, ಯಾವ ಮಕ್ಕಳಿಗೂ ಒಂದು ರೂಪಾಯಿ ರಾಯಲ್ಟಿ ಹೋಗಿಲ್ಲ, ಯಾಕಂದ್ರೆ ಪುಸ್ತಕನೇ ಇಲ್ಲ.

ಹಾಗಾದ್ರೆ ಕಾಯ್ದೇಲಿ ದಾರಿನೇ ಇಲ್ವಾ ಅಂದ್ರೆ ಇದೆ. 31ಎ ಸೆಕ್ಷನ್ ಅಂತ. ಲೇಖಕರು ಯಾರು ಅಂತ ಗೊತ್ತಿಲ್ಲ, ಅಥವಾ ಪತ್ತೆ ಆಗ್ತಿಲ್ಲ, ಹಕ್ಕುದಾರರು ಸಿಗ್ತಿಲ್ಲ ಅಂದ್ರೆ ಅರ್ಜಿ ಹಾಕಿ ಲೈಸೆನ್ಸ್ ತಗೋಬಹುದು. ಕೇಳೋಕೆ ಚೆನ್ನಾಗಿದೆ. ಅರ್ಜಿಗೆ ಮುಂಚೆ ಪೇಪರಲ್ಲಿ ಪ್ರಕಟಣೆ ಕೊಡ್ಬೇಕು. ಯಾವ ಪೇಪರು? ದೇಶದ ಬಹುಭಾಗದಲ್ಲಿ ಓಡೋ ಇಂಗ್ಲಿಷ್ ದಿನಪತ್ರಿಕೆ. ಅನುವಾದಕ್ಕೆ ಕೇಳೋದಾದ್ರೆ ಮಾತ್ರ ಆ ಭಾಷೆ ಪೇಪರಲ್ಲೂ ಕೊಡ್ಬೇಕು. ಈಗ ಹೇಳಿ, 1964ರಲ್ಲಿ ಹಾಸನದ ಕಡೆಯ ಒಬ್ಬ ಹೆಣ್ಮಗಳು ಬರೆದ ಕನ್ನಡ ಕಾದಂಬರಿ, ಅವರ ಮೊಮ್ಮಕ್ಕಳನ್ನ ಹುಡುಕೋಕೆ ನಾನು ಡೆಲ್ಲಿ ಬಾಂಬೆಲಿ ಓಡೋ ಇಂಗ್ಲಿಷ್ ಪೇಪರಿಗೆ ದುಡ್ಡು ಕಟ್ಟಬೇಕು. ಆಮೇಲೆ ಅರ್ಜಿ. ಮುಂಚೆ ಕಾಪಿರೈಟ್ ಬೋರ್ಡ್ ಅಂತಿತ್ತು, ಆಮೇಲೆ ಅದನ್ನ ಇನ್ನೊಂದು ಟ್ರಿಬ್ಯೂನಲ್ಲಿಗೆ ಸೇರಿಸಿದ್ರು, 2021ರಲ್ಲಿ ಆ ಟ್ರಿಬ್ಯೂನಲ್ಲನ್ನೂ ಮುಚ್ಚಿ ಕೆಲಸ ಕೋರ್ಟುಗಳಿಗೆ ವಹಿಸಿದ್ರು. ಎರಡೂವರೆ ರೂಪಾಯಿ ಪುಸ್ತಕಕ್ಕೆ ಕೋರ್ಟು. ಒಂದಲ್ಲ, ನಮ್ಮ ಲಿಸ್ಟಲ್ಲಿ ಈಗ ಇಂಥವು 41 ಇವೆ, ಒಂದೊಂದಕ್ಕೂ ಒಂದೊಂದು ಅರ್ಜಿ.

ಇನ್ನೊಂದು ದಾರಿ ಲೈಬ್ರರಿಗಳಿಗೆ. 2012ರ ತಿದ್ದುಪಡೀಲೇ ಸೇರಿಸಿದ್ದು, ಲಾಭಕ್ಕಲ್ಲದ ಸಾರ್ವಜನಿಕ ಗ್ರಂಥಾಲಯದ ಹತ್ರ ಪುಸ್ತಕದ ಅಚ್ಚಿನ ಪ್ರತಿ ಇದ್ರೆ ಅದನ್ನ ಕಾಪಾಡೋಕೆ ಡಿಜಿಟಲ್ ರೂಪದಲ್ಲಿ ಇಟ್ಕೋಬಹುದು. ಇಟ್ಕೋಬಹುದು. ನೆಟ್ಟಲ್ಲಿ ತೋರಿಸಬಹುದು ಅಂತ ಹೇಳಿಲ್ಲ. ಹಾಗಾಗಿ ನಾವು ಸ್ಕ್ಯಾನ್ ಮಾಡಿಕೊಟ್ಟ ಫೈಲು ಹಾರ್ಡ್ ಡಿಸ್ಕಲ್ಲಿದೆ, ಹಾರ್ಡ್ ಡಿಸ್ಕು ಬೀರೂಲಿದೆ, ಬೀರು ಕೀ ಲೈಬ್ರರಿಯನ್ ಹತ್ರ ಇದೆ, ಅವರು ಮುಂದಿನ ವರ್ಷ ರಿಟೈರ್ ಆಗ್ತಾರೆ. ಸಂರಕ್ಷಣೆ ಅಂದ್ರೆ ಇದು.

ನಾರ್ವೆ ಕಥೆ ಕೇಳಿ. ಜನಸಂಖ್ಯೆ ಹೆಚ್ಚೂಕಮ್ಮಿ 55 ಲಕ್ಷ, ನಮ್ಮ ಬೆಂಗಳೂರಿಗಿಂತ ಕಮ್ಮಿ. ಅಲ್ಲಿನ ರಾಷ್ಟ್ರೀಯ ಗ್ರಂಥಾಲಯ ಲೇಖಕರು ಪ್ರಕಾಶಕರ ಪರವಾಗಿ ಇರೋ ಒಂದು ಸಂಸ್ಥೆ ಜೊತೆ ಒಟ್ಟಾರೆ ಒಪ್ಪಂದ ಮಾಡ್ಕೊಂಡು, ಮೊದಲಿಗೆ 2000ದ ತನಕ ನಾರ್ವೆಯಲ್ಲಿ ಅಚ್ಚಾದ ಪುಸ್ತಕಗಳನ್ನ ಸ್ಕ್ಯಾನ್ ಮಾಡಿ ಆ ದೇಶದೊಳಗೆ ಇರೋ ಯಾರು ಬೇಕಾದ್ರೂ ಮನೇಲಿ ಕೂತು ಓದೋ ಹಂಗೆ ಮಾಡಿದೆ. ಕಾಪಿರೈಟ್ ಇನ್ನೂ ಇರೋ ಪುಸ್ತಕಗಳೂ ಸೇರಿ. ಗ್ರಂಥಾಲಯ ಆ ಸಂಸ್ಥೆಗೆ ದುಡ್ಡು ಕೊಡತ್ತೆ, ಅಲ್ಲಿಂದ ಹಕ್ಕುದಾರರಿಗೆ ಹೋಗತ್ತೆ, ಬೇಡ ಅನ್ನೋರು ತಮ್ಮ ಪುಸ್ತಕ ವಾಪಸ್ ತಗೋಬಹುದು. ಅಂದ್ರೆ ಒಬ್ಬೊಬ್ಬರನ್ನ ಹುಡುಕಿ ಹೂಂ ಅನ್ನಿಸ್ಕೊಳ್ಳೋ ಬದಲು, ಬೇಡ ಅನ್ನೋರು ಬಂದು ಬೇಡ ಅನ್ನಲಿ ಅಂತ ತಿರುಗಿಸಿಬಿಟ್ರು. 2011ರ ಜನಗಣತೀಲಿ ಕನ್ನಡ ಮಾತೃಭಾಷೆ ಅಂದೋರು 4.37 ಕೋಟಿ ಜನ. ನಮಗೆ ಇಂಥದ್ದೊಂದು ಯಾಕಿರ್ಬಾರ್ದು ಅಂತ ನಾನು ಕೇಳಿದ್ರೆ, ದುಡ್ಡಿಲ್ಲ ಅಂತಾರೆ. ದುಡ್ಡಿನ ಮಾತು ಆಮೇಲೆ, ಇಲ್ಲಿ ಆ ದುಡ್ಡನ್ನ ಇಸ್ಕೊಂಡು ಲೇಖಕರಿಗೆ ಹಂಚೋಕೆ ಕನ್ನಡದ ಮಟ್ಟಿಗೆ ಒಂದು ಗಟ್ಟಿ ಸಂಸ್ಥೆ ಬೇಕಲ್ಲ, ಅದು ಮೊದಲು.

ಹಕ್ಕುದಾರರು ಗೊತ್ತಿದ್ರೆ ಕಥೆನೇ ಬೇರೆ. ನಿರಂಜನರ ಬರಹಗಳನ್ನ ಅವರ ಮನೆಯವರು ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಲ್ಲಿ, ಅಂದ್ರೆ ಹೆಸರು ಹೇಳಿ ಯಾರು ಬೇಕಾದ್ರೂ ಬಳಸ್ಕೊಳ್ಳಿ ಅಂತ, ಬಿಟ್ಟುಕೊಟ್ರು, ಮೈಸೂರು ವಿಶ್ವವಿದ್ಯಾನಿಲಯದ ವಿಶ್ವಕೋಶನೂ ಹಂಗೇ ಬಂತು, ಇವತ್ತು ನೆಟ್ಟಲ್ಲಿರೋ ಮುಕ್ತ ಗ್ರಂಥಾಲಯ ಕನ್ನಡ ವಿಕಿಸೋರ್ಸಲ್ಲಿ ಅದರ ಫಲ ಕಾಣ್ತೀವಿ. ಜಗಳ ಆದ್ರೂ ಒಂದು ತೀರ್ಮಾನಕ್ಕೆ ಬರತ್ತೆ. ಕಾರಂತರು 1997ರಲ್ಲಿ ತೀರ್ಕೊಂಡ್ಮೇಲೆ ಅವರ ಯಕ್ಷಗಾನ ಬ್ಯಾಲೆನ ಯಾರು ಆಡಿಸಬಹುದು ಅಂತ ಎದ್ದ ವ್ಯಾಜ್ಯ ಉಡುಪಿ ಕಡೆಯಿಂದ ಸುಪ್ರೀಂ ಕೋರ್ಟ್ ತನಕ ಹೋಯ್ತು, 2009ರಲ್ಲಿ ತೀರ್ಪು ಬಂತು. ಉಯಿಲಲ್ಲಿ ಬರೆದಿದ್ದ ಒಂದು ಸಾಲಿನ ಮೇಲೆ ಎಷ್ಟೋ ಪುಟ ವಾದ. ಇಲ್ಲಿ ಸಾಹಿತಿಗಳು ಯಾರಾದ್ರೂ ಇದ್ರೆ ಒಂದು ಮಾತು, ಮನೆ ಸೈಟು ಬಗ್ಗೆ ಬರೆಯೋ ಉಯಿಲಲ್ಲಿ ಪುಸ್ತಕಗಳ ಬಗ್ಗೆನೂ ಎರಡು ಸಾಲು ಬರೀರಿ. ಹಾಗೇ ಪ್ರಕಾಶಕರ ಜೊತೆ ಬಾಯಿಮಾತಲ್ಲಿ ಮುಗಿಸಬೇಡಿ. ಹಕ್ಕು ಬರವಣಿಗೇಲಿ ವರ್ಗ ಆಗದೇ ಇದ್ರೆ ಅದು ವರ್ಗ ಆದಂಗೇ ಅಲ್ಲ, ಬರವಣಿಗೇಲಿ ಅವಧಿ ಹಾಕಿಲ್ಲ ಅಂದ್ರೆ ಐದೇ ವರ್ಷ ಅಂತ ಲೆಕ್ಕ, ಮತ್ತೆ 2012ರಿಂದ ಈಚೆಗೆ, ಅಗ್ರಿಮೆಂಟ್ ಮಾಡೋ ಹೊತ್ತಿಗೆ ಇಲ್ಲದೇ ಇದ್ದ ಮಾಧ್ಯಮಕ್ಕೆ ಹಕ್ಕು ಹೋಗಲ್ಲ, ಹೆಸರು ಹಿಡಿದು ಬರೆದಿದ್ರೆ ಮಾತ್ರ ಹೋಗತ್ತೆ. ನಾಳೆ ಇನ್ನೇನೋ ಹೊಸದು ಬಂದ್ರೆ ಅದು ನಿಮ್ಮದೇ. ಇದು ಎಷ್ಟೋ ಲೇಖಕರಿಗೆ ಗೊತ್ತೇ ಇಲ್ಲ.

ಸರಿ, ಪೈರಸಿ. ಈ ಕಡೆನೂ ನೋವಿದೆ, ನಾನು ಅಲ್ಲಗಳೆಯಲ್ಲ. ಸಾವಿರ ಪ್ರತಿ ಹಾಕಿ, ಅದು ಖಾಲಿ ಆಗೋಕೆ ಮೂರು ವರ್ಷ ಕಾಯೋ ಪ್ರಕಾಶಕರ ಪುಸ್ತಕ ಬಿಡುಗಡೆ ಆದ ವಾರಕ್ಕೆ ಟೆಲಿಗ್ರಾಮಲ್ಲಿ ಪಿಡಿಎಫ್ ಆಗಿ ಓಡಾಡಿದ್ರೆ ಹೊಟ್ಟೆ ಉರಿಯಲ್ವಾ? ಅದನ್ನ ತೆಗೆಸೋಕೆ ನಿಯಮ ಇದೆ, ದೂರು ಕೊಟ್ರೆ ಸೈಟಿನೋರು 36 ಗಂಟೇಲಿ ನಿಲ್ಲಿಸ್ಬೇಕು, 21 ದಿನದಲ್ಲಿ ದೂರು ಕೊಟ್ಟೋರು ಕೋರ್ಟ್ ಆರ್ಡರ್ ತರದಿದ್ರೆ ಮತ್ತೆ ಹಾಕಬಹುದು. ಇಲ್ಲಿ ತೆಗೆಸಿದ್ರೆ ಅಲ್ಲಿ ಇನ್ನೊಂದು ಚಾನಲ್ಲು. ಸಿನಿಮಾದೋರಿಗೆ ಬಲ ಇದೆ, 2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆನೇ ತಿದ್ದಿ, ಥಿಯೇಟರಲ್ಲಿ ಕದ್ದು ರೆಕಾರ್ಡ್ ಮಾಡಿದ್ರೆ ಮೂರು ತಿಂಗಳಿಂದ ಮೂರು ವರ್ಷ ಜೈಲು ಅಂತ ಮಾಡಿಸ್ಕೊಂಡ್ರು. ಕನ್ನಡ ಪುಸ್ತಕದೋರಿಗೆ ಆ ಬಲ ಇಲ್ಲ.

ನಮ್ಮ ರಾಜ್ಯ ಏನು ಮಾಡ್ತು ಗೊತ್ತಾ? ಗೂಂಡಾ ಕಾಯ್ದೆ ಅಂತೀವಲ್ಲ, 1985ರದ್ದು, ಅದರ ಪೂರ್ತಿ ಹೆಸರು ಒಂದೇ ಉಸಿರಲ್ಲಿ ಓದೋಕಾಗಲ್ಲ, ಕಳ್ಳಬಟ್ಟಿಯೋರು, ಜೂಜುಕೋರರು, ಗೂಂಡಾಗಳು, ಭೂಗಳ್ಳರು ಎಲ್ಲರೂ ಇದಾರೆ, 2014ರಲ್ಲಿ ಆ ಸಾಲಿಗೆ ಡಿಜಿಟಲ್ ಅಪರಾಧಿ ಅಂತಾನೂ ಸೇರಿಸಿದ್ರು. ವ್ಯಾಪಾರಕ್ಕೆ ಅಂತ ಪುಸ್ತಕ, ಹಾಡು, ಸಿನಿಮಾ, ಸಾಫ್ಟ್‌ವೇರ್ ಕಾಪಿರೈಟ್ ಮುರಿಯೋನು ಈ ಲೆಕ್ಕಕ್ಕೆ ಬರ್ತಾನೆ. ಈ ಕಾಯ್ದೆ ಅಂದ್ರೆ ವಿಚಾರಣೆಗೆ ಮುಂಚೆನೇ ಹಿಡಿದು ಒಳಗಿಡೋದು, ಒಂದು ವರ್ಷದ ತನಕ. ಭೂಗಳ್ಳರ ಪಕ್ಕದ ಸೀಟು. ನಂಗನ್ಸೋದು, ಹಿಡಿಯೋಕೆ ಆಗದೇ ಇದ್ದಾಗ ಶಿಕ್ಷೆ ದೊಡ್ಡದು ಮಾಡ್ತಾರೆ, ಅದು ಪೇಪರಲ್ಲಿ ಹೆಡ್ಡಿಂಗ್ ಆಗಿ ಚೆನ್ನಾಗಿ ಕಾಣತ್ತೆ.

ಇದರ ಉಲ್ಟಾ ಒಂದು ನಮ್ಮನೇಲೇ ಆಯ್ತು. ನಮ್ಮಕ್ಕನ ಮಗಳು ಸಂಗೀತ ಕಲೀತಿದಾಳೆ, ನವರಾತ್ರೀಲಿ ಬೊಂಬೆ ಮುಂದೆ ಕೂತು ಒಂದು ದಾಸರ ಪದ ಹಾಡಿದ್ಲು, ತಂಬೂರಿ ಆ್ಯಪ್ ಒಂದೇ ಪಕ್ಕವಾದ್ಯ. ಅಕ್ಕ ಅದನ್ನ ಒಂದು ವಿಡಿಯೋ ಸೈಟಿಗೆ ಹಾಕಿದ್ರೆ ಎರಡು ಗಂಟೇಲಿ ನೋಟಿಸು, ಇದು ಇಂಥ ಮ್ಯೂಸಿಕ್ ಕಂಪನಿಯದು ಅಂತ. 16ನೇ ಶತಮಾನದ ಸಾಹಿತ್ಯ. ಇಲ್ಲಿ ಪದರ ಪದರ ಬಿಡಿಸಿ ನೋಡ್ಬೇಕು, ದಾಸರ ಸಾಹಿತ್ಯಕ್ಕೆ ಕಾಪಿರೈಟ್ ಇಲ್ಲ, ಈಚಿನೋರು ಯಾರಾದ್ರೂ ರಾಗ ಹಾಕಿದ್ರೆ ಆ ಮಟ್ಟಿಗೆ ಇರಬಹುದು, ಕಂಪನಿಯೋರು ಮಾಡಿದ ರೆಕಾರ್ಡಿಂಗಿಗೆ ಪ್ರಕಟ ಆದಲ್ಲಿಂದ 60 ವರ್ಷ ಇರತ್ತೆ. ಆದ್ರೆ ಮಗು ಹಾಡಿದ್ದು ಅವರ ರೆಕಾರ್ಡಿಂಗ್ ಅಲ್ಲ. ಆ ಸೈಟಿನ ಮಷೀನಿಗೆ ಈ ಪದರ ಎಲ್ಲ ಗೊತ್ತಾಗಲ್ಲ, ಅದೇ ರಾಗ ಅದೇ ಪದ ಕೇಳ್ತು, ನೋಟಿಸು ಕಳಿಸ್ತು. ಅಕ್ಕ ಫೋನ್ ಮಾಡಿ "ಲೋ, ಪೊಲೀಸ್ ಬರ್ತಾರೇನೋ?" ಅಂದ್ಲು. ಬರಲ್ಲ ಕಣೇ, ತಕರಾರು ಹಾಕು ಅಂದೆ. ಭಾವ ಬೇಡ ಅಂತ ವಿಡಿಯೋನೇ ಡಿಲೀಟ್ ಮಾಡ್ಬಿಟ್ರು. ಸುಮ್ಸುಮ್ನೆ ಹೆದರಿಸಿದ್ರೆ ಎದುರು ಕೇಸ್ ಹಾಕೋಕೆ 60ನೇ ಸೆಕ್ಷನ್ ಇದೆ, ಆದ್ರೆ ಒಂದು ಬೊಂಬೆ ಹಬ್ಬದ ವಿಡಿಯೋಗೆ ಯಾರು ಲಾಯರ್ ಹಿಡೀತಾರೆ ಹೇಳಿ.

ಹಾಗಾಗಿ ನನ್ನ ಕೈಗೆ ಪೆನ್ನು ಕೊಟ್ರೆ ಏನು ತಿದ್ದುತ್ತೀನಿ ಅಂದ್ರೆ, ಆ ಟಾಗೋರ್ ಹತ್ತು ವರ್ಷನ ಮೊದಲು ಹಿಡೀತೀನಿ. ಬರ್ನ್ ಒಪ್ಪಂದದಿಂದ ಹೊರಗೆ ಬರೋದು ಆಗೋ ಮಾತಲ್ಲ, 50 ಇರ್ಲೇಬೇಕು, ಇರ್ಲಿ. ಮೇಲಿನ ಹತ್ತು ಬೇಕು ಅನ್ನೋರು ಬಂದು ಕೇಳಲಿ, ಈಗ ಒಂದು ಕೃತಿ ರಿಜಿಸ್ಟರ್ ಮಾಡೋಕೆ 500 ರೂಪಾಯಿ, ಅದೇ ಕಟ್ಟಿ ಹೆಸರು ವಿಳಾಸ ಬರೆಸಲಿ. ಯಾರ ಪುಸ್ತಕ ಇನ್ನೂ ದುಡೀತಿದ್ಯೋ ಅವರು ಖಂಡಿತ ಬರ್ತಾರೆ. ಬರದೇ ಇದ್ದೋರದ್ದು ಬಿಟ್ಟುಬಿಡಿ. ಆಮೇಲೆ 31ಎ ಪ್ರಕಟಣೆ ಕನ್ನಡ ಪುಸ್ತಕಕ್ಕೆ ಕನ್ನಡ ಪೇಪರಲ್ಲಿ ಬರಲಿ, ಕೋರ್ಟಿನ ಬದಲು ಗ್ರಂಥಾಲಯ ಇಲಾಖೆ ಮಟ್ಟದಲ್ಲೇ ತೀರ್ಮಾನ ಆಗಲಿ, ನಾಳೆ ಮೊಮ್ಮಕ್ಕಳು ಬಂದ್ರೆ ಕೊಡೋಕೆ ಅಂತ ಒಂದಿಷ್ಟು ದುಡ್ಡು ಎತ್ತಿಡಲಿ. ಲೈಬ್ರರಿ ಇಟ್ಕೊಂಡಿದ್ದನ್ನ ತೋರಿಸೋಕೂ ಬಿಡಿ. ಸುಳ್ಳು ನೋಟಿಸು ಕಳಿಸೋರಿಗೂ ಒಂದು ದಂಡ ಇರಲಿ. ಎಐ ಬಗ್ಗೆ ಕೇಳ್ತೀರಾ ಅಂತ ಗೊತ್ತು, ಸುದ್ದಿಸಂಸ್ಥೆ ಎಎನ್ಐ 2024ರಲ್ಲಿ ಚಾಟ್‌ಜಿಪಿಟಿ ಮಾಡಿದ ಓಪನ್ಎಐ ಕಂಪನಿ ಮೇಲೆ ಡೆಲ್ಲಿ ಹೈಕೋರ್ಟಲ್ಲಿ ಕೇಸ್ ಹಾಕಿದೆ, ಅದು ಇನ್ನೊಂದು ಭಾನುವಾರದ ವಿಷಯ.

ಕುರುಡರಿಗೆ ಓದೋಕಾಗೋ ರೂಪದಲ್ಲಿ ಪುಸ್ತಕ ಮಾಡಿಕೊಡೋಕೆ ನಮ್ಮವರು 2012ರಲ್ಲೇ ಕಾಯ್ದೇಲಿ ಜಾಗ ಮಾಡಿದ್ರು, ಅದೇ ವಿಷಯದ ಮರಕೇಶ್ ಒಪ್ಪಂದನ ಜಗತ್ತಲ್ಲೇ ಮೊದಲು ಅಂಗೀಕರಿಸಿದ್ದು 2014ರಲ್ಲಿ ನಮ್ಮ ದೇಶ. ಅಂದ್ರೆ ಮನಸ್ಸು ಮಾಡಿದ್ರೆ ಮಾಡ್ತಾರೆ, ಆಗಲ್ಲ ಅಂತ ಯಾರೂ ಹೇಳೋಕಾಗಲ್ಲ.

ಇಷ್ಟು ನನ್ ಮಾತು. ಆಮೇಲೆ ಪ್ರಶ್ನೆಗಳು. ಹಿಂದೆ ಕೂತಿದ್ದ ಒಬ್ರು ಹಿರಿಯ ಪ್ರಕಾಶಕರು ಎದ್ದು ಸ್ವಲ್ಪ ಖಾರವಾಗೇ ಕೇಳಿದ್ರು, "ನೀವು ಹಳೇದು ಅಂತ ಪಿಡಿಎಫ್ ಹಾಕ್ತೀರಿ, ನಾಳೆ ನಾನು ಅದನ್ನೇ ಮರುಮುದ್ರಣ ಮಾಡೋಣ ಅಂದ್ರೆ ಕೊಳ್ಳೋರ್ಯಾರು ಸ್ವಾಮಿ?" ಇದಕ್ಕೆ ನನ್ ಹತ್ರ ಪೂರ್ತಿ ಉತ್ತರ ಇರ್ಲಿಲ್ಲ, ಹಾಗೇ ಹೇಳಿದೆ. ಕೆಲವು ಪುಸ್ತಕಕ್ಕೆ ನೆಟ್ಟಲ್ಲಿ ಓದಿದೋರೇ ಅಚ್ಚಿನ ಪ್ರತಿ ಹುಡುಕ್ಕೊಂಡು ಬಂದಿದಾರೆ, ಎಲ್ಲದಕ್ಕೂ ಹಂಗಾಗಲ್ಲ. ಅವರು ಒಪ್ಪಲಿಲ್ಲ, ಕೂತ್ಕೊಂಡ್ರು.

ಮುಗಿದ ಮೇಲೆ ಕೆಳಗೆ ಟೀ ಅಂಗಡೀಲಿ ಅವರೇ ಹತ್ರ ಬಂದು, "ನಾನೂ ಮೂರು ಪುಸ್ತಕ ತರ್ಬೇಕು ಅಂತ ನಾಲ್ಕು ವರ್ಷದಿಂದ ಅಲೀತಿದೀನಿ, ವಾರಸುದಾರರು ಸಿಕ್ತಿಲ್ಲ, ನಿಮ್ಮ ಲಿಸ್ಟ್ ಕೊಡಿ ನೋಡಣ" ಅಂದ್ರು. ಫೋನ್ ಕೊಟ್ಟೆ. ಕನ್ನಡಕ ಹಣೆ ಮೇಲೆ ಏರಿಸ್ಕೊಂಡು 41 ಹೆಸರನ್ನೂ ಬೆರಳಲ್ಲಿ ಜಾರಿಸ್ತಾ ಹೋದ್ರು, ಟೀ ತಣ್ಣಗಾಯ್ತು. ಇಪ್ಪತ್ತೇಳನೇದಕ್ಕೆ ನಿಂತ್ರು. ಬೆಳಗ್ಗೆ ನಾನು ಕೈಲಿ ಹಿಡಿದಿದ್ದ ಅದೇ ಪುಸ್ತಕ. "ಇವರ ತಮ್ಮ ಅರಸೀಕೆರೇಲಿ ಮೇಷ್ಟ್ರಾಗಿದ್ರು, ಅವರ ಮಗ ನಮ್ಮ ಬೈಂಡಿಂಗ್ ಹುಡುಗನ ಬೀದೀಲೇ ಇರೋದು. ತಾಳಿ, ಅವನಿಗೇ ಫೋನ್ ಹಾಕ್ತೀನಿ" ಅಂದ್ರು.

ಭಾನುವಾರ ಅಲ್ವಾ, ಹುಡುಗ ಫೋನ್ ಎತ್ಲಿಲ್ಲ. ಸೋಮವಾರ ಮಾಡ್ತೀನಿ ಅಂತ ನನ್ ನಂಬರ್ ಬರ್ಕೊಂಡ್ರು.